ರಸ್ತೆ ಕಾಣುವ ಜಾಗ

ಕೊತ್ತಗೆರೆಯ ಚನ್ನವೀರಯ್ಯನವರ ಹೆಂಡತಿ ಕರಿಬಸಮ್ಮನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಆಗಿ ಲಿವರ್‌ಗೂ ಹರಡಿತ್ತು. ಇನ್ನು ಆಪರೇಷನ್ ಮಾಡಿ ಪ್ರಯೋಜನವಿಲ್ಲವೆಂದು ಬೆಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದರು. ತುಮಕೂರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಗ ಚನ್ನೇಶ್, "ಅವ್ವಂಗೆ ಗ್ಯಾಸ್ಟ್ರಿಕ್ ಅಂತಾನೇ ಹೇಳಪ್ಪ. ನಿಜ ಗೊತ್ತಾದ್ರೆ ಅವತ್ತೇ ಎದೆ ಒಡ್ಕೊಂಡುಬುಡ್ತಾಳೆ" ಎಂದು ಅಪ್ಪನ ಬಾಯಿ ಕಟ್ಟಿಹಾಕಿದ್ದ.

ಹೆಂಡತಿಯಿಂದ ಒಂದು ಬೀಡಿ ಸೇದಿದ್ದನ್ನೂ ಮುಚ್ಚಿಡಲಾಗದ ಮನುಷ್ಯ ಚನ್ನವೀರಯ್ಯ. ಈಗ ಇಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಕಣ್ಣು ತಪ್ಪಿಸಿ ಓಡಾಡತೊಡಗಿದರು. ನೋವು ಬಂದಾಗ ಆಕೆ ಸೆರಗು ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಇವರು ಹಿತ್ತಲಿಗೆ ಹೋಗಿ, ಜೋಡಿಸಿಟ್ಟ ಸೌದೆಯನ್ನೇ ಮತ್ತೆ ಜೋಡಿಸುತ್ತಿದ್ದರು.

ಇಂಥ ರೋಗಿಗಳನ್ನು ಮನೆಗೇ ಬಂದು ನೋಡಿಕೊಳ್ಳುವ ತಂಡವೊಂದು ತುಮಕೂರಿನ ಆಸ್ಪತ್ರೆಯಲ್ಲಿದೆ ಎಂದು ತಿಳಿದು ಚನ್ನೇಶನೇ ಅವರನ್ನು ಕರೆಸಿದ. ಡಾಕ್ಟರು ನೋಡಿ ಮಾರ್ಫಿನ್ ಮಾತ್ರೆ ಬರೆದರು. ಜೊತೆಗೆ ಬಂದಿದ್ದ ನರ್ಸ್ ಅನುಪಮಾಳನ್ನು ಚನ್ನವೀರಯ್ಯ ಜಗಲಿಗೆ ಕರೆದರು.

"ಇದು ಅಫೀಮು ಅಲ್ವಾ ಮಗಾ? ನುಂಗಿ ಮಲಗಿದೋಳು ಮತ್ತೆ ಏಳ್ತಾಳಾ?"

"ಡಾಕ್ಟ್ರು ಹೇಳಿದಷ್ಟೇ ಕೊಟ್ರೆ ಭಯ ಇಲ್ಲ ತಾತ. ಕಾಯಿಲೆ ವಾಸಿ ಮಾಡಲ್ಲ, ನೋವು ಹಿಡಿದಿಡುತ್ತೆ. ಹೊಟ್ಟೆ ಕಟ್ಕೊಳ್ಳುತ್ತೆ, ಅದಕ್ಕೂ ಔಷಧಿ ಇಟ್ಟಿದೀನಿ."

ಎರಡು ದಿನ ಅವರು ಹೆಂಡತಿಯ ಉಸಿರನ್ನೇ ಕಾಯುತ್ತ ಕೂತರು. ಮೂರನೆಯ ಬೆಳಿಗ್ಗೆ ಕರಿಬಸಮ್ಮ ದಿಂಬಿಗೆ ಒರಗಿ ಕೂತು, ಅಂಬಲಿಗೆ ಮಜ್ಜಿಗೆ ಕೇಳಿದಳು. ಒಂದು ಗುಟುಕು ಕುಡಿದು, "ಉಪ್ಪು ಹಾಕೋದು ಯಾವಾಗ ಕಲೀತೀರಿ?" ಎಂದಳು. ಬೈಸಿಕೊಂಡು ಅಷ್ಟು ಸಂತೋಷ ಅವರಿಗೆ ಎಂದೂ ಆಗಿರಲಿಲ್ಲ.

ಮುಂದಿನ ಸಲ ಅನುಪಮಾ ಬಂದಾಗ ಕರಿಬಸಮ್ಮ ಅವಳ ಕೈ ಹಿಡಿದುಕೊಂಡಳು.

"ನಂಗೇನಾಗದೆ ಹೇಳವ್ವ."

"ನಿಮಗೇನನ್ಸುತ್ತೆ ಅಜ್ಜಿ?"

"ನನ್ನ ಕರ್ಕೊಂಡೇ ಹೋಗೋ ಕಾಯಿಲೆ ಅನ್ಸುತ್ತೆ. ಅಪ್ಪ ಮಗ ಸೇರ್ಕೊಂಡು ಗ್ಯಾಸು ಗ್ಯಾಸು ಅಂತ ನಾಟಕ ಆಡ್ತವ್ರೆ."

ಅನುಪಮಾ ಚನ್ನವೀರಯ್ಯನವರ ಮುಖ ನೋಡಿದಳು. ಅವರಿಗೆ ಇನ್ನು ತಡೆಯಲಾಗಲಿಲ್ಲ. "ಹೂಂ ಕಣೇ, ನಿಜ" ಎಂದವರೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಕರಿಬಸಮ್ಮ ಅಳಲಿಲ್ಲ. ಅವರ ಬೆನ್ನು ಸವರಿ, "ಸದ್ಯ, ಬಾಯಿ ಬಿಟ್ರಲ್ಲ" ಎಂದಳು. ಆಮೇಲೆ ಕೇಳಿದಳು: "ನನ್ನ ಎಲ್ಲಿ ಮಣ್ಣು ಮಾಡ್ತೀರಿ?"

"ಎಲ್ಲಿ ಅಂದ್ರೆ? ತೋಟದಲ್ಲಿ, ನಮ್ಮವ್ವನ ಪಕ್ಕ."

"ಬ್ಯಾಡ. ನಾನೇ ನೋಡ್ಬೇಕು."

ಭಾನುವಾರ ಬಂದ ಚನ್ನೇಶ್ ಇದನ್ನೆಲ್ಲ ಕೇಳಿ ಅಪ್ಪನ ಮೇಲೆ ರೇಗಿದ. "ಬದುಕಿರೋರು ಇಂಥದ್ದು ನೋಡ್ತಾರಾ?" ಎಂದ. ಒಳಗಿನಿಂದ ಅವ್ವ, "ಹೋದ್ಮೇಲೆ ನೋಡಕ್ಕಾಗುತ್ತೇನ್ಲಾ?" ಎಂದು ಕೂಗಿದಳು. ಅವನೇ ಕುರ್ಚಿ ತರಲು ಎದ್ದ. ಅಪ್ಪ ಮಗ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ ತೋಟಕ್ಕೆ ಹೊತ್ತುಕೊಂಡು ಹೋದರು.

ಹಿರಿಯರ ಸಮಾಧಿಗಳ ಹತ್ತಿರ ಕುರ್ಚಿ ಇಳಿಸಿದರೆ ಕರಿಬಸಮ್ಮ ಅತ್ತೆಯ ಕಲ್ಲಿಗೆ ಕೈ ಮುಗಿದಳು. "ಇವರ ಪಕ್ಕ ಕೂತಿದ್ದು ಸಾಕು. ಮುಂದಕ್ಕೆ ನಡೀರಿ."

ಇನ್ನೊಂದು ಜಾಗದಲ್ಲಿ ತಲೆಯೆತ್ತಿ ತೆಂಗಿನಮರ ನೋಡಿ, "ಕಾಯಿ ನನ್ನ ಮೇಲೇ ಬೀಳುತ್ತೆ" ಎಂದಳು. ಕಡೆಗೆ ಬೇಲಿಯ ಹತ್ತಿರ, ಹೊಂಗೆಮರದ ನೆರಳಿನಲ್ಲಿ ಕುರ್ಚಿ ನಿಲ್ಲಿಸಲು ಹೇಳಿದಳು. ಎದುರಿಗೆ ಕುಣಿಗಲ್ ರಸ್ತೆ ಕಾಣುತ್ತಿತ್ತು. ಬಸ್ಸೊಂದು ಜನರನ್ನು ಇಳಿಸಿ ಹೋಯಿತು.

"ಇಲ್ಲೇ ಸರಿ. ನಮ್ಮಲ್ಲಿ ಕೂರಿಸಿ ತಾನೇ ಮಣ್ಣು ಮಾಡೋದು? ಸುಮ್ನೆ ಕೂತಿರೋ ಬದ್ಲು ಯಾರು ಬಂದ್ರು, ಯಾರು ಹೋದ್ರು ನೋಡ್ಕೊಂಡಿರ್ತೀನಿ."

ಮೊದಲು ನಕ್ಕವನು ಚನ್ನೇಶ್. ನಗುತ್ತಲೇ ಅವನ ಕಣ್ಣು ತುಂಬಿತು. ಚನ್ನವೀರಯ್ಯ ಎಳನೀರು ಕೆತ್ತಿಕೊಟ್ಟರು. ಮೂವರೂ ಬಿಸಿಲು ಇಳಿಯುವವರೆಗೆ ಅಲ್ಲೇ ಕೂತು, ಚನ್ನೇಶನ ಮದುವೆಯಲ್ಲಿ ಸಾರು ಸಾಲದೆ ಬಂದದ್ದು, ಬೀಗರು ಮುನಿಸಿಕೊಂಡದ್ದು ಎಲ್ಲ ಮಾತಾಡಿದರು.

ಆಮೇಲೆ ಆಕೆ ಬದುಕಿದ್ದು ಒಂದು ತಿಂಗಳ ಮೇಲೆ ಸ್ವಲ್ಪ. ಊಟ ತಾನಾಗಿಯೇ ಕಡಿಮೆಯಾಯಿತು, ನಿದ್ದೆ ಹೆಚ್ಚಾಯಿತು. ಬಲವಂತವಾಗಿ ಏನನ್ನೂ ತಿನ್ನಿಸಬೇಡಿ, ತುಟಿ ಒದ್ದೆ ಮಾಡುತ್ತಿರಿ ಎಂದು ಅನುಪಮಾ ಹೇಳಿಕೊಟ್ಟಿದ್ದಳು. ಒಂದು ಬೆಳಿಗ್ಗೆ ಚನ್ನವೀರಯ್ಯ ಹೆಂಡತಿಯ ಹಣೆಗೆ ವಿಭೂತಿ ಹಚ್ಚಿ, ಹತ್ತಿಯಲ್ಲಿ ತುಟಿಗೆ ನೀರು ಒತ್ತುತ್ತಿದ್ದಾಗ ಉಸಿರು ನಿಂತಿತು. ಮುಖದಲ್ಲಿ ನೋವಿನ ಗುರುತಿರಲಿಲ್ಲ.

ಹೊಂಗೆಮರದ ಕೆಳಗೇ ಮಣ್ಣು ಮಾಡಿ, ಕಾರ್ಯವೆಲ್ಲ ಮುಗಿದ ಮೇಲೆ ಅನುಪಮಾ ಮತ್ತೆ ಬಂದಳು. ರೋಗಿಯೇ ಇಲ್ಲದ ಮನೆಗೆ ಯಾಕೆ ಬಂದೆ ಎಂದು ಚನ್ನವೀರಯ್ಯ ಕೇಳಿದರು.

"ನಿಮ್ಮನ್ನ ನೋಡೋಣ ಅಂತ ತಾತ. ಊಟ ನಿದ್ದೆ ಹೆಂಗಿದೆ?"

"ಬೆಳಿಗ್ಗೆ ಎದ್ದಾಗ ಖಾಲಿ ಅನ್ಸುತ್ತೆ. ಆದ್ರೂ ನಿದ್ದೆ ಬರ್ತದೆ ಮಗಾ. ಏನೂ ಮುಚ್ಚಿಟ್ಟಿಲ್ವಲ್ಲ, ಅದಕ್ಕೇ ಇರ್ಬೇಕು."

ಅವರೇ ಒಳಗೆ ಹೋಗಿ ಕಾಫಿ ಮಾಡಿ ತಂದರು. ಅನುಪಮಾ ಒಂದು ಗುಟುಕು ಕುಡಿದು ಕಣ್ಣರಳಿಸಿದಳು.

"ಸಕ್ಕರೆ ಜಾಸ್ತಿ ಆಯ್ತಾ?"

"ಸ್ವಲ್ಪ."

"ಇರಲಿ, ಕುಡಿ. ಮುಂದಿನ ಸಲಕ್ಕೆ ಕಲ್ತಿರ್ತೀನಿ" ಎಂದು ಚನ್ನವೀರಯ್ಯ ತಮ್ಮ ಲೋಟವನ್ನೂ ಹಿಡಿದುಕೊಂಡು ಅವಳ ಎದುರಿಗೆ ಕೂತರು.