ಎಂಬತ್ತೆಂಟರ ಅಡ್ಡಹೆಸರು

ಚಂಪಾ ಮತ್ತೆ ಎದ್ದು ಫ್ಯಾನಿನ ವೇಗ ತಗ್ಗಿಸಿದಳು. ಮರುಕ್ಷಣವೇ ಏರಿಸಿದಳು. ಡೊಂಬಿವಲಿಯ ಆ ಇಕ್ಕಟ್ಟಿನ ಮನೆಯಲ್ಲಿ ಗಂಡ ಜಯಶೀಲ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮಗ ಮನೀಷ್ ಕೆಳಗೆ ಗೇಟಿನ ಹತ್ತಿರ ಶವದ ಗಾಡಿಗಾಗಿ ಕಾಯುತ್ತಿದ್ದ.

"ಒಂದ್ ಕಡೆ ಕುಂದರ್ರಿ ಚಂಪಕ್ಕ. ಅತ್ತರ ಎದಿ ಹಗುರ ಆಕ್ಕೈತಿ," ಎಂದು ಪಕ್ಕದ ಮನೆಯ ಕಲ್ಲವ್ವ ಕೈಹಿಡಿದು ಎಳೆದಳು.

ಅಳು ಬಂದರೆ ತಾನೆ? ಚಂಪಾಳ ತಲೆಯನ್ನು ಒಂದೇ ಹುಳ ಕೊರೆಯುತ್ತಿತ್ತು. ಈ ಮನುಷ್ಯ ತನ್ನನ್ನು ಕೊನೆಯವರೆಗೂ ನಾಲ್ಕು ಜನರ ಮುಂದೆ ನಗೆಪಾಟಲು ಮಾಡುತ್ತಲೇ ಇದ್ದನೋ, ಬಿಟ್ಟಿದ್ದನೋ? ಇಷ್ಟು ವರ್ಷ ಕೇಳಲು ಬಿಂಕ ಬಿಡಲಿಲ್ಲ. ಈಗ ಹೇಳಬೇಕಾದವನ ಬಾಯಿಯೇ ಮುಚ್ಚಿದೆ.

*

ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜಯಶೀಲನಿಗೆ ಕನ್ನಡ ಸಂಘದ ಹೌಸಿ, ಅಂದರೆ ತಂಬೋಲಾ, ಆಟವೆಂದರೆ ಪ್ರಾಣ. ಚೀಲದಿಂದ ಬಿಲ್ಲೆ ತೆಗೆದು ನಂಬರು ಕೂಗುವವನು ಅವನೇ, ನಂಬರುಗಳಿಗೆ ಅಡ್ಡಹೆಸರು ಇಟ್ಟವನೂ ಅವನೇ.

"ಏಳು! ನಿದ್ದೆ ಸಾಕು, ಏಳು!"

"ಆರು! ಚಾ ಆರಿತು, ಕುಡೀರಿ!"

"ಹದಿನೈದು! ಹದಿನೈದು ಡಬ್ಬಿಯ ಲೋಕಲ್ ಟ್ರೈನು, ಆದರೂ ಕಾಲಿಡಲು ಜಾಗ ಇಲ್ಲ!"

ಒಂದು ದೀಪಾವಳಿಗೆ ಎಂಬತ್ತೆಂಟು ಬಂತು, ಬಿಲ್ಲೆಯ ಮೇಲೆ ಅಕ್ಕಪಕ್ಕ ಎರಡು ಗುಂಡು ಗುಂಡು 8. "ನಮ್ಮ ಚಂಪಾ, ಕನ್ನಡಿಯ ಮುಂದೆ!" ಎಂದು ಕೂಗಿಯೇಬಿಟ್ಟ. ಗಂಡಸರ ತಮಾಷೆಗೆ ಹೆಂಡತಿಗಿಂತ ಸುಲಭದ ಸರಕು ಬೇರೆ ಯಾವುದಿದೆ! ಮೊದಲೇ ದಪ್ಪ ಮೈಯ ಚಂಪಾ ಹೊಸ ಸೀರೆಯುಟ್ಟು ಎದುರಿಗೇ ಕೂತಿದ್ದಳು. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ತಮಾಷೆಗೆ ಹೇಳಿದ್ದು ಮಾರಾಯ್ತಿ," ಎಂದ ಮನೆಗೆ ಬಂದು.

"ನಿಮ್ಮ ತಮಾಷೆಗೆ ನಾನೇ ಬೇಕಿತ್ತಾ? ಇನ್ನು ಆ ಸಂಘದ ಹಾಲಿಗೆ ನಾನು ಕಾಲಿಡೂದಿಲ್ಲ."

ಇಡಲೂ ಇಲ್ಲ. ಪ್ರತಿ ಸಲ ಹೊರಡುವಾಗ ಅವನು "ಬರ್ತೀಯಾ?" ಎನ್ನುತ್ತಿದ್ದ. ಅವಳು ಕುಕ್ಕರಿನ ಕಡೆ ತಿರುಗಿಕೊಳ್ಳುತ್ತಿದ್ದಳು.

*

ಕೆಳಮನೆಯ ನಿಶಾ ಚಹಾ ತಂದಳು. ಇಲ್ಲೇ ಹುಟ್ಟಿ ಬೆಳೆದವಳು, ಮಾತಿನಲ್ಲಿ ಅರ್ಧ ಹಿಂದಿ, ಸಂಘದ ಹೌಸಿ ಒಂದನ್ನೂ ತಪ್ಪಿಸಿದವಳಲ್ಲ. ಚಂಪಾ ಅವಳ ಮುಂಗೈ ಹಿಡಿದುಕೊಂಡಳು.

"ಸುಳ್ಳು ಹೇಳ್ಬೇಡ ನಿಶಾ. ಎಂಬತ್ತೆಂಟು ಬಂದ್ರೆ ಅಂಕಲ್ ಎಂತ ಕೂಗ್ತಿದ್ರು?"

"ಎಯ್ಟಿ ಎಯ್ಟ್? ಅದರ ಹೆಸರು ತೋ 'ಇನ್ನೂ ಬಂದಿಲ್ಲ' ಹೈ ನಾ, ಆಂಟಿ."

"ಎಂತ?"

"ಅಂಕಲ್ ನಂಬರ್ ಹೇಳಿ ಬಾಗಿಲು ಕಡೆ ನೋಡ್ತಿದ್ರು. ಫಿರ್ ಮೆಲ್ಲಗೆ, 'ಇನ್ನೂ ಬಂದಿಲ್ಲ.' ನಾವೆಲ್ಲ ಜೋರಾಗಿ ಅದನ್ನೇ ಕೂಗೋದು. ಜೋಕ್ ಥಾ ನಾ?"

ಕಲ್ಲವ್ವ ತಲೆ ತಗ್ಗಿಸಿದಳು. ಚಂಪಾ ಗಂಡನ ಪಕ್ಕದಲ್ಲಿ ಕುಸಿದು ಕೂತಳು. ಆಗ ಬಂತು ಅಳು, ಸೆರಗು ಒತ್ತಿ ಹಿಡಿದರೂ ನಿಲ್ಲದ ಅಳು.

"ಮನೆಯಲ್ಲಿ ಒಂದು ಮಾತು ಹೇಳ್ಬಾರ್ದಿತ್ತಾ ನಿಮಗೆ!"

ಗಾಡಿ ಬಂತು. ಗಂಡಸರು ಜಯಶೀಲನನ್ನು ಚಟ್ಟದ ಮೇಲೆ ಹೊತ್ತು ಇಳಿದು ಗಾಡಿಗೆ ಏರಿಸಿದರು. ಹೆಂಗಸರು ಹೊಸ್ತಿಲಲ್ಲೇ ನಿಂತರು. ಚಂಪಾ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಇಳಿದಳು.

"ಅಮ್ಮ, ಸ್ಮಶಾನಕ್ಕೆ ಹೆಂಗಸರು ಬರೂದಿಲ್ಲ," ಎಂದ ಮನೀಷ್.

"ನಾನು ಬರ್ತೇನೆ. ಕೈ ಕೊಡು, ಗಾಡಿಯ ಮೆಟ್ಟಿಲು ಎತ್ತರ ಉಂಟು."

ಅವಳು ಹತ್ತಿ ಕೂತ ಭಾರಕ್ಕೆ ಗಾಡಿ ಆ ಮಗ್ಗುಲಿಗೆ ವಾಲಿತು. ಚಟ್ಟ ಮೆಲ್ಲಗೆ ಅವಳತ್ತ ಸರಿದು ಬಂತು. ಚಂಪಾ ಮೊಣಕಾಲು ಅಡ್ಡ ಕೊಟ್ಟು ಅದನ್ನು ಅಲ್ಲೇ ಹಿಡಿದಳು.