ಕರೇಹಟ್ಟಿ ಜ್ವರ

ತೀರಿಹೋದ ಮಗಳು ತಾಹೇರಾಳ ಹಣೆಗೆ ಅಂಟಿದ್ದ ಕೂದಲನ್ನು ಒದ್ದೆ ಬಟ್ಟೆಯಿಂದ ಹಿಂದಕ್ಕೆ ಸರಿಸುತ್ತಿದ್ದ ಅಕ್ತರ್ ಬೀ, ಬಾಗಿಲಲ್ಲಿ ನೆರಳು ಬಿದ್ದದ್ದು ಕಂಡು ಕೈ ನಿಲ್ಲಿಸಿದಳು. ಬಿಸಿಲಲ್ಲಿ ನಡೆದು ಬಂದ ಹೆಂಗಸೊಬ್ಬಳು ಹೊಸ್ತಿಲಾಚೆ ನಿಂತಿದ್ದಳು.

"ಯಾರು?"

"ಕಾಳಕ್ಕ ಕಣಮ್ಮ, ಕರೇಹಟ್ಟಿಯಾಕೆ. ಡಾಕ್ಟ್ರಮ್ಮನ ಮುಖ ನೋಡಾಣ ಅಂತ ಬಂದೆ."

ಕೋಣೆಯಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಾಕೆ ಸೆರಗನ್ನು ಮೂಗಿಗೆ ಎಳೆದುಕೊಂಡಳು. ಕರೇಹಟ್ಟಿಯ ಹೆಸರು ಕಿವಿಗೆ ಬಿದ್ದರೆ ಹಿರಿಯೂರಿನಲ್ಲಿ ಈಗ ಎಲ್ಲರೂ ಮಾಡುತ್ತಿದ್ದುದು ಅದನ್ನೇ.

"ನಿಮ್ಮ ಹಟ್ಟಿಯಿಂದ್ಲೇ ತಂದ್ಕಂಡಳು ಈ ಜ್ವರಾನ," ಎಂದಳು ಅಕ್ತರ್ ಬೀ. "ನಿಮ್ಮ ಕುರಿ ಮುಟ್ಟಿ, ನಿಮ್ಮ ರಕ್ತ ಮುಟ್ಟಿ. ಕೊನೆಗೆ ಗುಂಡಿಗೆಗೇ ಇಳೀತು. ಎರಡು ವರ್ಷದಿಂದ ಒಬ್ಬರಾದ್ರೂ ಅವಳ ಕೂಡೆ ಮಾತಾಡಿದ್ರಾ? ಈಗ ಮುಖ ನೋಡಾಕೆ ಬಂದೀಯಾ?"

ಕಾಳಕ್ಕ ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಅಕ್ತರ್ ಬೀ ಕುಳಿತಲ್ಲೇ ಸರಿದು ಜಾಗ ಮಾಡಿದಳು.

"ಬಾ, ಕುಂತ್ಕ. ಬಟ್ಟೆ ಮುಚ್ಚೋದ್ರೊಳಗೆ ನೋಡ್ಕ."

*

ತಾಹೇರಾ ಹಿರಿಯೂರಿನಲ್ಲಿ ಡಾಕ್ಟರಾಗಿದ್ದಳು. ಯಲ್ಲದಕೆರೆಯ ಆಚೆಗಿದ್ದ ಕರೇಹಟ್ಟಿಯ ಕುರುಬರು ಅವಳ ಹತ್ತಿರ ಬಂದಾಗಲೆಲ್ಲ ಹೇಳುತ್ತಿದ್ದುದು ಒಂದೇ: ಸಂಜೆಯಾದರೆ ಜ್ವರ, ಮೈ ತೊಯ್ಯುವಷ್ಟು ಬೆವರು, ಸೊಂಟ ಎತ್ತಲಾಗದ ನೋವು, ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಬಸುರಿಯರಿಗೆ ಬಸಿರು ನಿಲ್ಲುತ್ತಿರಲಿಲ್ಲ. ಉಳಿದ ಡಾಕ್ಟರುಗಳು ಮಲೇರಿಯಾ ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ತಾಹೇರಾ ಒಂದು ಭಾನುವಾರ ಬಸ್ಸು ಹತ್ತಿ ಹಟ್ಟಿಗೇ ಹೋದಳು. ಅಂದಿನಿಂದ ಅವಳಿಗೆ ಭಾನುವಾರವೆಂದರೆ ಕರೇಹಟ್ಟಿ.

ರಕ್ತ ಕೊಡುವುದೆಂದರೆ ಜನ ಹೆದರಿ ಹಿಂದೆ ಸರಿದಾಗ ಮೊದಲು ತೋಳು ಚಾಚಿದವಳು ಕಾಳಕ್ಕ.

"ತಗಳ್ರಮ್ಮ. ನನ್ನ ಮೈಯಾಗೆ ರಕ್ತ ಎಲ್ಲೈತೆ, ಬರೀ ರಾಗಿ ಅಂಬಲಿ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಆ ಚಳಿಗಾಲದಲ್ಲಿ ಕಾಳಕ್ಕನ ಕುರಿಯೊಂದು ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಸತ್ತ ಮರಿಯನ್ನು ಎತ್ತಿ ಆಚೆಗೆಸೆಯಲು ಹೊರಟವಳನ್ನು ತಡೆದು, ತಾಹೇರಾ ತಾನೇ ಕುಕ್ಕರಗಾಲಲ್ಲಿ ಕೂತು ಮಾದರಿ ತುಂಬಿಕೊಂಡಳು. ಗ್ಲೌಸು ಬೆರಳ ಬಳಿ ಹರಿದಿದ್ದನ್ನು ಅವಳು ನೋಡಿದ್ದು ಕೆಲಸ ಮುಗಿದ ಮೇಲೆ. ಆ ಮಾದರಿಯಲ್ಲಿದ್ದ ಕ್ರಿಮಿಯೇ ಕಾಳಕ್ಕನ ಸೊಸೆ ನಿಂಗಕ್ಕನ ರಕ್ತದಲ್ಲೂ ಸಿಕ್ಕಿತು.

"ಹಾಲು ಕಾಯಿಸದೆ ಕುಡೀಬ್ಯಾಡ್ರಿ. ಕಂದು ಹಾಕಿದ್ದನ್ನ ಬರಿಗೈಲಿ ಮುಟ್ಟಬ್ಯಾಡ್ರಿ, ಆಳವಾಗಿ ಹೂಳ್ರಿ," ಎಂದು ತಾಹೇರಾ ಮನೆಮನೆಗೂ ಹೇಳಿದಳು. "ಔಷಧಿ ಮಧ್ಯದಾಗೆ ಬಿಡದಂಗೆ ತಗಂಡ್ರೆ ವಾಸಿ ಆಗ್ತೈತೆ."

ಹಟ್ಟಿ ಅವಳ ಮಾತು ಕೇಳಿತು. ಮರುವರ್ಷ ನಿಂಗಕ್ಕ ಹೆತ್ತಳು. ಆ ಹಟ್ಟಿಯಲ್ಲಿ ಬಹಳ ದಿನಗಳ ಮೇಲೆ ಬದುಕಿ ಉಳಿದ ಮಗು ಅದು.

*

ಅಕ್ತರ್ ಬೀಯ ಮನೆಯ ಮುಂದೆ ಜೀಪು ನಿಂತಿತು. ಚಿತ್ರದುರ್ಗದ ಡಾಕ್ಟರ್ ತಿಪ್ಪೇರುದ್ರಪ್ಪನವರು ದೊಡ್ಡ ಹೂವಿನ ಚಕ್ರದೊಂದಿಗೆ ಇಳಿದರು. ಜಿಲ್ಲೆಯಲ್ಲಿ ಒಳ್ಳೆಯ ಕೆಲಸ ಮಾಡಿದ ವೈದ್ಯರನ್ನು ಗುರುತಿಸಿ ಗೌರವಿಸುವ ಸಮಿತಿಗೆ ಅವರು ಅಧ್ಯಕ್ಷರು. ಚಕ್ರಕ್ಕೆ ಕಟ್ಟಿದ್ದ ಪಟ್ಟಿಯ ಮೇಲೆ 'ಕರೇಹಟ್ಟಿ ಜ್ವರ ಕಂಡುಹಿಡಿದ ಮಹಾನ್ ಸಂಶೋಧಕಿಗೆ' ಎಂದಿತ್ತು.

ತಾಹೇರಾಳ ತಮ್ಮ ಮಕ್ಸೂದ್ ಅದನ್ನು ಓದಿ, ಓದಲು ಬಾರದ ಕಾಳಕ್ಕನಿಗೂ ಹೇಳಿದ. ಕಾಳಕ್ಕ ಎದ್ದು ಹೋಗಿ ಅವರ ಮುಂದೆ ಕೈ ಮುಗಿದಳು.

"ಸ್ವಾಮಿ, ಇವತ್ತೊಂದಿನ ನಮ್ಮೂರ ಹೆಸರು ಎತ್ತಬ್ಯಾಡ್ರಿ."

ತಿಪ್ಪೇರುದ್ರಪ್ಪನವರು ಕೆಟ್ಟವರಲ್ಲ. ಮೃದುವಾಗಿಯೇ ಹೇಳಿದರು: "ಯಾಕಮ್ಮ ಹಂಗಂತೀರಿ? ಮ್ಯಾಪಿನಾಗೂ ಇಲ್ಲದ ಊರು ನಿಮ್ಮದು. ಈಗ ದೊಡ್ಡ ದೊಡ್ಡ ಡಾಕ್ಟರುಗಳ ಬಾಯಾಗೈತೆ."

"ಅದಕ್ಕೇ ಸ್ವಾಮಿ."

ಅವರಿಗೆ ಅರ್ಥವಾಗಲಿಲ್ಲ. ಮಕ್ಸೂದ್ ಅವರನ್ನು ಪಕ್ಕಕ್ಕೆ ಕರೆದ. "ನಮ್ಮಕ್ಕಗೂ ಅದು ಇಷ್ಟ ಇರ್ಲಿಲ್ಲ ಸಾರ್. ಬಿಟ್ಟುಬಿಡ್ರಿ."

"ಆಯ್ತಪ್ಪ, ಆಯ್ತು," ಎಂದು ಅವರು ಅವನ ಭುಜ ತಟ್ಟಿದರು.

*

ಆ ಹೆಸರಿಟ್ಟವರು ತಿಪ್ಪೇರುದ್ರಪ್ಪನವರೇ. ಎರಡು ವರ್ಷದ ಹಿಂದೆ ಚಿತ್ರದುರ್ಗದಲ್ಲಿ ತಾಹೇರಾಳಿಗೆ ಸನ್ಮಾನ ನಡೆದ ದಿನ, ಜ್ವರದ ಇಂಗ್ಲಿಷ್ ಹೆಸರಿಗೆ ಸಭಿಕರ ನಾಲಿಗೆ ಹೊರಳದೆಂದು, "ನಾವು ಇದನ್ನ ಕರೇಹಟ್ಟಿ ಜ್ವರ ಅಂತಲೇ ಕರೆಯೋಣ" ಎಂದುಬಿಟ್ಟರು. ಶಾಲು ಹೊದ್ದು ಕೂತಿದ್ದ ತಾಹೇರಾ ತಟ್ಟನೆ ಎದ್ದು ಮೈಕಿನ ಮುಂದೆ ಬಂದಳು.

"ಈ ರೋಗ ಕುರಿ ಇರೋ ಕಡೆಯಲ್ಲೆಲ್ಲ ಐತೆ. ಆ ಜನ ರಕ್ತ ಕೊಟ್ಟಿದ್ದಕ್ಕೆ ಗೊತ್ತಾಯ್ತು, ಅಷ್ಟೇ. ದಯವಿಟ್ಟು ಅವರ ಊರಿನ ಹೆಸರು ತೆಗೀರಿ."

ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು. ಮರುದಿನ ಪತ್ರಿಕೆಯಲ್ಲಿ ಆ ಹೆಸರೇ ದಪ್ಪಕ್ಷರದಲ್ಲಿ ಬಂತು.

ಹಿರಿಯೂರಿನ ಸಂತೆಯಲ್ಲಿ ಕರೇಹಟ್ಟಿಯ ಕುರಿಗಳ ಹತ್ತಿರ ಯಾರೂ ಸುಳಿಯಲಿಲ್ಲ. ನಿಶ್ಚಯವಾಗಿದ್ದ ಮದುವೆಗಳು ಮುರಿದವು. ಕಾಳಕ್ಕನ ಗಂಡ ಕಾಟಲಿಂಗಪ್ಪ ಮಾರಾಟವಾಗದ ಕುರಿಗಳನ್ನು ಹೊಡೆದುಕೊಂಡು ಬಂದವನು, "ನಮ್ಮೂರ ಮಾನ ಮಾರಿ ಶಾಲು ಹೊದ್ಕಂಡಳು ಆಯಮ್ಮ. ಇನ್ನ ಬಾಗ್ಲು ತೆಗೆದ್ರೆ ನೋಡು," ಎಂದ.

ಭಾನುವಾರ ತಾಹೇರಾ ಬಂದಾಗ ಹಟ್ಟಿಯ ಬಾಗಿಲುಗಳೆಲ್ಲ ಮುಚ್ಚಿದ್ದವು.

"ಕಾಳಕ್ಕ, ನಾನು ಕಣಮ್ಮ. ನಿಂಗಕ್ಕನ ಔಷಧಿ ತಂದೀನಿ."

ಕಾಳಕ್ಕ ಒಳಗೆ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದಳು. ತೆಗೆಯಲಿಲ್ಲ. ತಾಹೇರಾ ಬೇವಿನ ಮರದ ಕೆಳಗೆ ಬಸ್ಸಿನ ಹೊತ್ತಿನವರೆಗೂ ಕೂತಿದ್ದು ಹೋದಳು. ಮುಂದಿನ ವಾರವೂ ಬಂದಳು. ತನಗೇ ಜ್ವರ ಹತ್ತಿ ಬಸ್ಸು ಹತ್ತಲಾಗದ ತನಕವೂ ಬಂದಳು.

ಹಟ್ಟಿಯಲ್ಲಿ ಈಗ ಯಾರಿಗೂ ಜ್ವರವಿರಲಿಲ್ಲ. ಕೇಳಿದರೆ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಎರಡನೆಯ ಬಸುರಿನಲ್ಲಿ ನಿಂಗಕ್ಕ ಹೊದಿಕೆಯೊಳಗೇ ನಡುಗಿದಳು. ಬಸಿರು ಇಳಿದು, ರಕ್ತ ನಿಲ್ಲದೆ ಸತ್ತಳು. ನೆಂಟರಿಗೆ ಹಾವು ಕಚ್ಚಿತು ಎಂದು ಹೇಳಿದರು.

*

ಖಬರಸ್ತಾನದ ಗೋಡೆಯ ಹೊರಗೆ ಕಾಳಕ್ಕ ಒಬ್ಬಳೇ ನಿಂತಿದ್ದಳು. ಮನೆಯ ಹೆಂಗಸರು ಅಲ್ಲಿಗೆ ಬರುವ ಪದ್ಧತಿಯಿರಲಿಲ್ಲ. ಮಣ್ಣು ಹಾಕಿ, ದುವಾ ಪ್ರಾರ್ಥನೆ ಮುಗಿದ ಮೇಲೆ ತಿಪ್ಪೇರುದ್ರಪ್ಪನವರ ಧ್ವನಿ ಕೇಳಿಸಿತು. ತಾಹೇರಾ ಜಿಲ್ಲೆಯ ಹೆಮ್ಮೆ ಎಂದರು; ಸೇವೆಯಲ್ಲೇ ಪ್ರಾಣ ಬಿಟ್ಟಳು ಎಂದರು.

"ಆಕೆಯ ನೆನಪಿಗೆ ಪ್ರತಿವರ್ಷ ಒಬ್ಬ ಸಂಶೋಧಕರಿಗೆ ಪ್ರಶಸ್ತಿ ಕೊಡಲು ಸಮಿತಿ ತೀರ್ಮಾನಿಸಿದೆ. ಅದರ ಹೆಸರು, ಕರೇಹಟ್ಟಿ ಪ್ರಶಸ್ತಿ!"

ಯಾರೋ ಚಪ್ಪಾಳೆ ತಟ್ಟಿದರು. ಜಾಗ ನೆನಪಾಗಿ ನಿಲ್ಲಿಸಿದರು. ಕ್ಯಾಮೆರಾದವನು ಮಕ್ಸೂದ್‌ನನ್ನು ಮುಂದಕ್ಕೆ ಕರೆದ. ಮಕ್ಸೂದ್ ಒಮ್ಮೆ ಗೋಡೆಯ ಕಡೆ ನೋಡಿದ. ಆಮೇಲೆ ಮಣ್ಣು ಮೆತ್ತಿದ ಕೈಗಳನ್ನು ಒರೆಸಿಕೊಂಡು, ತಿಪ್ಪೇರುದ್ರಪ್ಪನವರು ಚಾಚಿದ ಕೈ ಹಿಡಿದು ಫೋಟೋಕ್ಕೆ ನಿಂತ.

ಹೊಸದುರ್ಗದ ಬಸ್ಸಿನಲ್ಲಿ ಕಾಳಕ್ಕನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವ ಮೊದಲೇ ಅವಳ ಹಲ್ಲು ಕಟಕಟ ಅನ್ನತೊಡಗಿತು. ಕುತ್ತಿಗೆಯಿಂದ ಬೆವರಿಳಿದು ರವಿಕೆ ತೊಯ್ದಿತ್ತು.

"ಮೈ ಸುಡ್ತಾ ಐತಲ್ಲಮ್ಮ," ಎಂದಳು ತೋಳಿಗೆ ತೋಳು ತಾಗಿದ ಪಕ್ಕದ ಹೆಂಗಸು. "ಜ್ವರ ಏನು?"

"ಇಲ್ಲವ್ವ. ಬಿಸಿಲಾಗೆ ನಿಂತಿದ್ದೆ."

"ಯಾವೂರಾತು ನಿಮ್ಮದು?"

ಕಾಳಕ್ಕ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಳು.

"ಶ್ರೀರಾಂಪುರ," ಎಂದಳು.