ಬಸುರಿಯರ ತೊಟ್ಟಿ

"ಏ ಹಲ್ಕಟ್ ರಂಡೇರಾ, ಇದೇನು ನಿಮ್ಮಪ್ಪನ ಲಗ್ನದ ಮನಿ ಅಂತ ತಿಳದೀರೇನು? ಬಾಯಿ ಮುಚ್ಚಿ ತಿಕ್ರಿ!"

ಮೇಸ್ತ್ರಿ ಪೀರಪ್ಪ ಹೀಗೆ ಕಿರುಚಿದಷ್ಟೂ ನಮಗೆ ನಗು ಜಾಸ್ತಿಯಾಗುತ್ತಿತ್ತು. ತಪ್ಪು ನಮ್ಮದಲ್ಲ, ತೊಟ್ಟಿಯದು.

ವಾಡಿ ಸ್ಟೇಷನ್ನಿನ ಆಚೆ ಮಾಣಿಕಪ್ಪ ಸಾವಕಾರನ ಶೆಡ್ಡಿತ್ತು. ಸುತ್ತಲಿನ ಫ್ಯಾಕ್ಟರಿಗಳಲ್ಲಿ ಕೆಟ್ಟ ಮೋಟಾರುಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಗಂಡಸರು ಬಿಚ್ಚಿ ಕೊಟ್ಟ ಭಾಗಗಳಿಗೆ ಹತ್ತಿದ ಗ್ರೀಸು, ಸಿಮೆಂಟಿನ ಜಿಡ್ಡು ತೊಳೆಯುವುದು ನಮ್ಮ ಕೆಲಸ. ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಕೊಯ್ದು ಎರಡೂ ಕಡೆ ಹಿಡಿ ಹಚ್ಚಿದ್ದೇ ತೊಟ್ಟಿ. ಅದರ ತುಂಬ ಜಿಡ್ಡು ಕರಗಿಸುವ ಥಿನ್ನರು. ಕೈ ಮುಳುಗಿಸಿದರೆ ಐಸಿನಂತೆ ತಣ್ಣಗೆ. ಒಂದು ತಾಸು ಕುಳಿತರೆ ತಲೆ ಹಗುರಾಗಿ ತೇಲತೊಡಗುತ್ತಿತ್ತು. ಆಮೇಲೆ ಪೀರಪ್ಪನ ಮೀಸೆಗೂ ನಗು, ರೈಲಿನ ಸೀಟಿಗೂ ನಗು.

"ನಮ್ಮ ಸಾವಕಾರ ಭಾಳ ದೊಡ್ಡ ಮನಶ್ಯಾ ನೋಡ್ರಿ. ಶೇಂದಿ ಅಂಗಡಿಗಿ ಹೋಗೂದೇ ಬ್ಯಾಡ, ಇಲ್ಲೇ ಪುಕ್ಕಟ ಏರಸ್ತಾನ," ಎನ್ನುತ್ತಿದ್ದಳು ನಮ್ಮಲ್ಲೇ ಹಿರಿಯಳಾದ ತುಳಜಾಬಾಯಿ. ಜಾನಬಿಯಾದ ನಾನಂತೂ ನಕ್ಕು ನಕ್ಕು ತೊಟ್ಟಿಗೇ ಬೀಳುವಂತಾಗುತ್ತಿದ್ದೆ.

ಫರಸಿ ಕಲ್ಲಿನ ಖಣಿಯೂ ಸಾವಕಾರನದೇ. ಅಲ್ಲಿ ಕಲ್ಲು ಹೊರುವ ಹೆಂಗಸರು ಬಸುರಾದರೆ ಅವರನ್ನು ತಂದು ತೊಟ್ಟಿಗೆ ಕೂರಿಸುತ್ತಿದ್ದ. ನೆರಳು, ಕೂತು ಮಾಡುವ ಕೆಲಸ. ಹಡೆದ ಮೇಲೂ ಬಹಳ ಮಂದಿ ಅಲ್ಲೇ ಉಳಿಯುತ್ತಿದ್ದೆವು. ಊರ ಹಿರಿಯರೆಲ್ಲ ಇದನ್ನು ದೊಡ್ಡ ಉಪಕಾರವೆಂದು ಹೊಗಳುತ್ತಿದ್ದರು. ನಾವೂ ಹೊಗಳುತ್ತಿದ್ದೆವು.

ದ್ರೌಪದಿ ಹಾಗೆಯೇ ಬಂದವಳು. ಖಣಿಯಲ್ಲಿ ಕಲ್ಲು ಒಡೆಯುವ ಭೀಮಶ್ಯಾನ ಹೆಂಡತಿ, ಚೊಚ್ಚಲ ಬಸುರಿ. ಬಂದ ವಾರದಲ್ಲೇ ಕೈಯಲ್ಲಿದ್ದ ಬೇರಿಂಗು ಬಿಟ್ಟು ಪಕ್ಕಕ್ಕೆ ಉರುಳಿದಳು. ಪೀರಪ್ಪ ಓಡಿಬಂದು ಬಕೀಟಿನ ನೀರು ಮುಖಕ್ಕೆ ಎರಚಿದ.

"ಏಳs! ಗಂಡನ ಮಗ್ಗಲಾಗ ಮಲಗಾಕ ತ್ರಾಣ ಇತ್ತು, ಇಲ್ಲಿ ಕುಂದರಾಕ ಇಲ್ಲೇನು?"

ಶೆಡ್ಡಿನ ಗಂಡಸರೆಲ್ಲ ಹೋ ಎಂದು ನಕ್ಕರು. ದ್ರೌಪದಿ ಸೆರಗಿನಿಂದ ಮುಖ ಒರೆಸಿಕೊಂಡು, ಉರುಳಿಹೋದ ಬೇರಿಂಗನ್ನು ಹುಡುಕಿ ತಂದು ಮತ್ತೆ ತಿಕ್ಕತೊಡಗಿದಳು.

ಅವಳಿಗೆ ಗೌತಮಿ ಹುಟ್ಟಿದಳು. ಚೆಲುವಾದ ಕೂಸು, ದೊಡ್ಡ ಕಣ್ಣು. ಆದರೆ ಬೇರೆ ಮಕ್ಕಳು ಓಡುವ ವಯಸ್ಸಿನಲ್ಲಿ ಇವಳು ಕೂರಲು ಕಲಿತಳು, ಅವು ಜಗಳಾಡುವ ವಯಸ್ಸಿನಲ್ಲಿ ಮೊದಲ ಮಾತು ಆಡಿದಳು. ಕೆಂಪು ಬಳೆ ತಾ ಎಂದರೆ ಹಸಿರು ಬಳೆ ತಂದು, ಗೆದ್ದವಳಂತೆ ಚಪ್ಪಾಳೆ ತಟ್ಟುತ್ತಿದ್ದಳು. ಶಾಲೆಗೆ ಕಳಿಸಿದರೆ ಮಾಸ್ತರರು ಮೂರನೆಯ ದಿನವೇ ಕೈ ಹಿಡಿದು ಮನೆಗೆ ತಂದು ಬಿಟ್ಟರು. "ಇಕಿ ಒಂದ ಕಡಿ ಕುಂದರಂಗಿಲ್ಲ. ಹೇಳಿದ್ದು ಬಾಗಲಾ ದಾಟೂದ್ರಾಗ ಮರೀತಾಳ. ಮನ್ಯಾಗ ಕಸಾ ಹೊಡಸ್ರಿ," ಅಂದರು.

ತೊಟ್ಟಿಗೆ ಬಂದ ಮೇಲೆ ಹುಟ್ಟಿದ ನನ್ನ ಜಿಲಾನಿಯೂ ಅಂಥವನೇ. ನಾಲ್ಕು ವರ್ಷವಾದರೂ "ಅಮ್ಮೀ" ಎಂಬುದೊಂದೇ ಮಾತು. ಖಣಿಯ ಕಾಲದಲ್ಲಿ ಹುಟ್ಟಿದ ನನ್ನ ದೊಡ್ಡ ಮಗಳು ಬಷೀರಾ ಮಾತ್ರ ನಾಲಿಗೆಯಲ್ಲಿ ಕತ್ತರಿ ಇಟ್ಟುಕೊಂಡೇ ಹುಟ್ಟಿದವಳು. ಒಬ್ಬಳೇ ತಾಯಿ, ಒಬ್ಬನೇ ತಂದೆ. ಯಾಕೆ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಗ್ರಹಣದಲ್ಲಿ ನೀನು ಹೊರಗೆ ಬಂದಿದ್ದೆ ಅಂದರು ಅತ್ತೆ. ದರ್ಗಾದ ತಾಯಿತ, ಗುಡಿಯ ಅಂಗಾರ, ಎಲ್ಲವೂ ಎರಡೂ ಮಕ್ಕಳ ಕೊರಳಿಗೆ ಬಂದವು. ನಾವು ಹಂಚಿಕೊಂಡೇ ಕಟ್ಟಿದೆವು.

ಕೊನೆಗೆ ದ್ರೌಪದಿ, ನಾನು ಕೆಲಸ ಬಿಟ್ಟು ನೇರವಾಗಿ ಮಕ್ಕಳನ್ನು ಎತ್ತಿಕೊಂಡು ಶಹಾಬಾದಿನ ಒಬ್ಬ ಡಾಕ್ಟರರ ಬಳಿಗೆ ಹೋದೆವು. ದ್ರೌಪದಿ ಹತ್ತಿರ ಬಾಗಿದ ಕೂಡಲೇ ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

"ಥೂ! ಹಾಡಹಗಲೇ ಕುಡಿದು ಬಂದೀಯಲ್ಲ! ತಾಯಿ ಹಿಂಗಿದ್ರೆ ಕೂಸು ಇನ್ನೆಂಗಿರ್ತದ?"

"ಕುಡದಿಲ್ರೀ ಸಾಹೇಬ್ರ. ಇದು ಕೆಲಸದ ವಾಸನಿ."

"ಎಲ್ಲಾ ಕುಡುಕರೂ ಹಂಗೇ ಹೇಳೂದು. ಮುಂದಿನವ್ರು ಯಾರಪಾ?"

ವಾಪಸು ಬರುವಾಗ ಬಸ್ಸಿನಲ್ಲಿ ದ್ರೌಪದಿ ತನ್ನ ತೋಳು ಮೂಸಿ ನೋಡಿಕೊಂಡಳು. ಆಮೇಲೆ ನನ್ನ ತೋಳು. ಆಮೇಲೆ ಮಗಳ ನೆತ್ತಿ. "ಜಾನಬಿ ಆಪಾ, ಈ ವಾಸನಿ ನಮಗ ಗೊತ್ತೇ ಆಗಂಗಿಲ್ಲಲ್ಲ," ಅಂದಳು. ನಾನು ನಗಿಸಲು ನೋಡಿದೆ. "ಡಾಕ್ಟರಗ ಒಂದ ಸೀಸೆ ಒಯ್ದು ಕೊಡಬೇಕಿತ್ತು ತಗೊ," ಅಂದೆ. ಅವಳು ನಗಲಿಲ್ಲ.

ಆ ವರ್ಷ ದಸರೆಯ ಖಂಡೇ ಪೂಜೆಯ ಹೊತ್ತಿಗೆ ದ್ರೌಪದಿ ಮತ್ತೆ ಬಸುರಾಗಿದ್ದಳು. ಶೆಡ್ಡಿನ ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂವಿನ ಮಾಲೆ. ಸಾವಕಾರನ ಮನೆಯವರೆಲ್ಲ ಬಂದರು. ಅವರ ಸೊಸೆ ಶರಣಬಸಮ್ಮ ಆರತಿ ತಟ್ಟೆ ಹಿಡಿದು ಒಳಗೆ ಬಂದಳು. ನಮ್ಮ ಕಡೆ ನೋಡಿ ಮುಗುಳ್ನಕ್ಕು ತೊಟ್ಟಿಯ ಹತ್ತಿರಕ್ಕೆ ಕಾಲಿಟ್ಟಳೋ ಇಲ್ಲವೋ, ಸಾವಕಾರ ಚೀರಿದ.

"ಏ ಪೀರ್ಯಾ, ಕಣ್ಣಾಗ ಮಣ್ಣು ಬಿದ್ದಾದೇನಲೇ? ಮೊದಲ ಆ ತೊಟ್ಟಿ ಮುಚ್ಚು! ಸೊಸಿ ಹೊಟ್ಟ್ಯಾಗ ಕೂಸದ. ಇದರ ಘಾಟು ಹೊಟ್ಟ್ಯಾಗಿನ ಕೂಸಿನ ನೆತ್ತಿಗೇರತದಂತ ಥಿನ್ನರ್ ಮಾರಾಂವ ಅವತ್ತೇ ಹೇಳಿಲ್ಲೇನು?"

ಪೀರಪ್ಪ ತಗಡು ಎಳೆದು ಮುಚ್ಚಿದ. ಶರಣಬಸಮ್ಮನನ್ನು ಹೊರಗೆ ಗಾಳಿಗೆ ಕರೆದೊಯ್ದರು. ಪೂಜೆ ಮುಗಿಯಿತು. ನಮ್ಮ ಕೈಗೂ ಒಂದೊಂದು ಪೇಡಾ ಬಂತು. ಯಾರೂ ತಿನ್ನಲಿಲ್ಲ. ತುಳಜಾಬಾಯಿ ಒಬ್ಬಳೇ ಕೇಳಿದಳು: "ಅವತ್ತಂದ್ರ ಯಾವತ್ತು?"

ಮರುದಿನ ದ್ರೌಪದಿ ಸಾವಕಾರನ ಮುಂದೆ ನಿಂತಳು. ಅವಳ ಹಿಂದೆ ನಾನು.

"ನನಗ ತೊಟ್ಟಿ ಬ್ಯಾಡ್ರೀ. ಕಸಾ ಹೊಡೀತೀನಿ, ಬೋಲ್ಟು ಆರಸ್ತೀನಿ. ಹೊರಗ ಎಲ್ಲಾದ್ರೂ ಹಚ್ರಿ."

"ಯಾಕs, ಇದ್ದಕ್ಕಿದ್ದಂಗ?"

"ಹೊಟ್ಟ್ಯಾಗ ಕೂಸದ್ರಿ. ನಿಮ್ಮ ಸೊಸಿ ಬಂದಾಗ ನೀವೇ ಹೇಳಿದ್ರಲ್ಲ."

ಸಾವಕಾರ ಅಡಕೆ ಅಗಿಯುತ್ತ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ಅಕಿ ಹಡೆಯೂದು ಸಾವಕಾರನ್ನ. ನೀ ಏನು ತಹಸೀಲ್ದಾರನ್ನ ಹಡೀತೀ? ಕಲ್ಲು ಹೊರಾವಕ್ಕ ಕೈ ಗಟ್ಟಿ ಇದ್ರ ಸಾಕು, ನೆತ್ತಿ ತಗೊಂಡು ಏನ್ ಮಾಡಾಕಿ? ಬ್ಯಾಡಾದ್ರ ಖಣಿಗಿ ಹೋಗು. ಕಲ್ಲು ಹೊತ್ತು ಅಲ್ಲೇ ಹಡಿ."

ಅಂದು ಮಧ್ಯಾಹ್ನ ರೊಟ್ಟಿ ತಿನ್ನುವಾಗ ನಾನು ಅಂದೆ: "ಆ ತೊಟ್ಟಿ ಎತ್ತಿಕೊಂಡು ಹೋಗಿ ಅವನ ಪಡಸಾಲ್ಯಾಗ ಇಡೂಣು ನಡೀರಿ. ಭಾಡ್ಯಾ ಒಂದ ದಿನ ಮೂಸಲಿ." ಎಲ್ಲರೂ ಎದ್ದೇಬಿಟ್ಟರು. ದ್ರೌಪದಿ ಕೈ ಅಡ್ಡ ಹಿಡಿದಳು.

"ತಡೀರಿ. ಅವನ ಸೊಸಿ ಮನ್ಯಾಗ ಅದಾಳ. ಕುಬ್ಸ ಮಾಡ್ಕೊಂಡು ತವರಿಗಿ ಹೋಗ್ಲಿ. ಅಕಿ ಹೊಟ್ಟ್ಯಾಗಿಂದೂ ಕೂಸೇ ಅಲ್ಲೇನು?"

ಹೀಗೆ ಕಾಯತೊಡಗಿದೆವು. ಅಲ್ಲಿಯವರೆಗೆ ದ್ರೌಪದಿಯ ಪಾಲಿನದನ್ನು ನಾವೇ ತಿಕ್ಕಿದೆವು. ಅವಳು ಶೆಡ್ಡಿನ ಹಿಂದಿನ ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಪೀರಪ್ಪ ಬರುವುದು ಕಂಡರೆ ತುಳಜಾಬಾಯಿ ಕ್ಷಯ ಹತ್ತಿದವಳಂತೆ ಕೆಮ್ಮುತ್ತಿದ್ದಳು. ದ್ರೌಪದಿ ಓಡಿಬಂದು ಒಣಗಿದ ಬೇರಿಂಗೊಂದನ್ನು ಹಿಡಿದು ತಿಕ್ಕುತ್ತಿದ್ದಳು. "ಈ ಮುದುಕಿ ಸಾಯಾಕತ್ತಾಳ, ದವಾಖಾನಿಗಿ ಒಯ್ರಿ," ಎಂದು ಒಂದು ದಿನ ಪೀರಪ್ಪನೇ ಗಾಬರಿಯಾದ. ಅವತ್ತು ಥಿನ್ನರಿನ ಹಂಗಿಲ್ಲದೆ ನಕ್ಕೆವು.

ದೀಪಾವಳಿ ಕಳೆದ ಮೇಲೆ ಶರಣಬಸಮ್ಮನ ಸೀಮಂತದ ಕುಬ್ಸವಾಯಿತು. ಹಸಿರು ಸೀರೆ ಉಟ್ಟು, ತವರಿನವರ ಕಾರಿನಲ್ಲಿ ಚಿಂಚೋಳಿಯ ಕಡೆಗೆ ಹೊರಟುಹೋದಳು. ರೈಲ್ವೆ ಗೇಟಿನ ಹತ್ತಿರ ನಮ್ಮನ್ನು ಕಂಡು ಕೈ ಬೀಸಿದಳು. ಕಾರು ಮರೆಯಾದ ಮೇಲೆ ದ್ರೌಪದಿ ಅಂದಳು: "ಈಗ ಎತ್ರಿ."

ನಾಲ್ಕು ಜನ ಹೆಂಗಸರು ತೊಟ್ಟಿ ಎತ್ತಿದೆವು. ಪೀರಪ್ಪ ಅಡ್ಡ ಬಂದ. "ಮೈಮ್ಯಾಲ ಚೆಲ್ಲತದ ನೋಡಪಾ, ಬೀಡಿ ಬ್ಯಾರೆ ಹಚ್ಚೀದಿ," ಎಂದಳು ತುಳಜಾಬಾಯಿ. ಅವನು ಬೀಡಿ ಎಸೆದು ದೂರ ಜಿಗಿದ. ದ್ರೌಪದಿ ಗೌತಮಿ, ಜಿಲಾನಿಯರ ಕೈ ಹಿಡಿದು, ತೊಟ್ಟಿಯ ಘಾಟು ಅವರತ್ತ ಬಾರದಂತೆ, ಬಹಳ ಮುಂದೆ ನಡೆದಳು. ಬಜಾರಿನ ಜನ ಅಂಗಡಿ ಬಿಟ್ಟು ನೋಡಲು ಬಂದರು. ಕೇಳಿದವರಿಗೆಲ್ಲ ನಾನು "ಸಾವಕಾರಗ ಆಹೇರಿ, ಉಡುಗೊರಿ ಒಯ್ಯಾಕತ್ತೀವ್ರಿ, ಬರ್ರಿ ಬರ್ರಿ" ಎನ್ನುತ್ತ ನಡೆದೆ.

ಸಾವಕಾರ ಪಡಸಾಲೆಯಲ್ಲಿ ಗಾದಿಗೆ ಒರಗಿ ಕುಳಿತಿದ್ದ. ನಾವು ತೊಟ್ಟಿಯನ್ನು ಅವನ ಮೊಳಕಾಲಿನ ಹತ್ತಿರ ಇಳಿಸಿ ತಗಡು ತೆಗೆದೆವು. ಸುತ್ತ ಕುಳಿತು, ಜೊತೆಗೆ ತಂದ ಬೇರಿಂಗುಗಳನ್ನು ತಿಕ್ಕತೊಡಗಿದೆವು. ಅವನು ಧೋತರದ ಚುಂಗು ಮೂಗಿಗೆ ಒತ್ತಿಕೊಂಡ.

"ತಗೀರ್ಲೇ! ಪೊಲೀಸರನ್ನ ಕರಸ್ತೀನಿ!"

"ಕರಸ್ರಿ," ಅಂದಳು ದ್ರೌಪದಿ, ಅಂಗಳದಿಂದಲೇ. "ಅವರೂ ಮೂಸ್ಲಿ."

ಅವನು ಪೀರಪ್ಪನನ್ನು ಕೂಗಿದ. ಪೀರಪ್ಪ ಬಂದು ಒಂದು ಹಿಡಿಗೆ ಕೈ ಹಾಕಿ, ಇನ್ನೊಂದು ಹಿಡಿಗೆ ಯಾರಾದರೂ ಬರುತ್ತಾರೋ ಎಂದು ಅಂಗಳದಲ್ಲಿ ನೆರೆದವರನ್ನು ನೋಡಿದ. ಖಣಿಯ ಗಂಡಸರಿದ್ದರು, ದ್ರೌಪದಿಯ ಗಂಡ ಭೀಮಶ್ಯಾ ಇದ್ದ. ಯಾರೂ ಕದಲಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದ ಸಾವಕಾರ ಕೊನೆಗೆ ತಾನೇ ಎದ್ದು ಇನ್ನೊಂದು ಹಿಡಿ ಹಿಡಿದ. ಇಬ್ಬರೂ ತಡವರಿಸುತ್ತ, ಥಿನ್ನರು ಧೋತರದ ಮೇಲೆ ತುಳುಕಿಸಿಕೊಳ್ಳುತ್ತ, ಮೆಟ್ಟಿಲಿಳಿದು ಬೀದಿಗೆ ಹೋದರು.

ನಾವು ಏಳಲಿಲ್ಲ.

ತುಳಜಾಬಾಯಿ ಕಿಟಕಿಗಳನ್ನು ತೆರೆದಳು. ಒಳಗೆ ಚೆನ್ನಾಗಿ ಗಾಳಿ ಆಡುವವರೆಗೂ ದ್ರೌಪದಿ ಅಂಗಳದಲ್ಲೇ ನಿಂತಿದ್ದಳು. ಊರ ಹೊರಗಿನ ಅವಳ ಕೇರಿಯವರು ಯಾರೂ ಆ ಹೊಸ್ತಿಲು ದಾಟಿದವರಲ್ಲ. ದಾಟಿ ಬಂದಳು. ಸಾವಕಾರನ ಗಾದಿಯ ಮೇಲೆ, ಅವನು ಒರಗಿದ್ದ ಲೋಡಿಗೆ ಬೆನ್ನು ಕೊಟ್ಟು, ನೋಯುವ ಕಾಲು ಚಾಚಿ ಕುಳಿತಳು. ಹೊರಗೆ ಪೊಲೀಸರ ಜೀಪು ಬಂದು ನಿಂತ ಸದ್ದಾಯಿತು.

"ಬಾ ಗೌತಮೀ," ಎಂದು ಪಕ್ಕದಲ್ಲಿ ಜಾಗ ಮಾಡಿದಳು.